ನೂರಹದಿನೆಂಟನೆಯ ಪುಟ

ಮಹಾಪ್ರಬಂಧವನ್ನು ಕಚೇರಿಗೆ ಒಪ್ಪಿಸಲು ಶುಕ್ರವಾರ ಕಡೆಯ ದಿನ. ಸೋಮವಾರ ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿನ ತುಂಬ ಹಾಳೆ ಹರಡಿಕೊಂಡು ಆಕರಗಳ ಪಟ್ಟಿಯನ್ನು ತಿದ್ದುತ್ತ ಕೂತಿದ್ದಳು. ಬರೆದವರ ಹೆಸರು, ಚುಕ್ಕಿ, ವರ್ಷ, ಚುಕ್ಕಿ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ, ಆಮೇಲೆ ಪ್ರಕಾಶಕರು, ಪುಟ. ಹೀಗೆ ಇನ್ನೂರ ಹದಿನಾಲ್ಕು. ಜೊತೆಯವರಿಗೆಲ್ಲ ತಲೆನೋವಾದ ಈ ಕೆಲಸ ಅವಳಿಗೆ ಹೂವೆತ್ತಿದಷ್ಟು ಹಗುರ. ನಾಲ್ಕು ಜನರ ಎದುರು ಬಾಯಿ ಬಿಡಲು ಹಿಂಜರಿಯುವ ಹುಡುಗಿ ಅವಳು. ಹೇಳುವುದಿದ್ದರೆ ಯಾರದ್ದಾದರೂ ಹೆಗಲ ಹಿಂದೆ ನಿಂತೇ ಹೇಳಬೇಕು. ಅಡಿಟಿಪ್ಪಣಿ ಎಂದರೆ ಅವಳ ಪಾಲಿಗೆ ನೆಂಟರು ಬಂದಾಗ ಅವಿತುಕೊಳ್ಳಲು ಸಿಗುವ ಬಾಗಿಲ ಮರೆ.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಅಪ್ಪ ಎದುರಿಗೆ ಬಂದು ಕೂತ. ಅವನದು ಗಾರೆ ಕೆಲಸ. ಸುಣ್ಣ ತಿಂದು ಬೆರಳ ತುದಿಗಳು ಬಿರಿದಿದ್ದವು.

"ಏನೇ, ಇನ್ನೂ ಮುಗೀಲಿಲ್ವಾ ನಿನ್ನ ಚುಕ್ಕಿ ಇಡೋ ಕೆಲಸ?"

"ಒಂದು ಚುಕ್ಕಿ ತಪ್ಪಿದ್ರೂ ವಾಪಸ್ ಕಳಿಸ್ತಾರಪ್ಪ."

"ಪುಣ್ಯವಂತರು! ನಮ್ಮಲ್ಲಿ ಗೋಡೆ ವಾಲಿದ್ರೂ ಬಣ್ಣ ಬಳಿದು ಒಪ್ಪಿಸಿಬಿಡ್ತಾರೆ. ಓದು, ನನ್ನ ಕಸುಬಿನ ಬಗ್ಗೆ ಏನು ಬರೆದಿದೀಯಾ ಕೇಳೋಣ."

ಹಳೆಯ ಕಟ್ಟಡಗಳ ಸುಣ್ಣದ ಗಾರೆ ಅವಳ ಪ್ರಬಂಧದ ವಿಷಯ. ಅವಳು ಮೂರನೆಯ ಅಧ್ಯಾಯದ ಮೊದಲ ಸಾಲನ್ನು ಮೆಲ್ಲಗೆ ಓದಿದಳು: 'ಹಿಂದಿನ ಗಾರೆಯವರು ಸುಣ್ಣವನ್ನು ಮೂರು ತಿಂಗಳು ನೆನೆಸಿಟ್ಟ ಬಳಿಕವೇ ಗೋಡೆಗೆ ಹಚ್ಚುತ್ತಿದ್ದರು.'

ಕುಡಿಯುತ್ತಿದ್ದ ನೀರು ಅಪ್ಪನ ನೆತ್ತಿಗೇರಿತು. ಕೆಮ್ಮಿ, ನಕ್ಕು, ಮತ್ತೆ ಕೆಮ್ಮಿದ. "ಮೂರು ತಿಂಗಳಾ! ಅಲ್ಲಿವರೆಗೂ ಗಾರೆಯವನ ಹೆಂಡತಿ ಮಕ್ಕಳು ಸುಣ್ಣದ ನೀರು ಕುಡ್ಕೊಂಡಿರ್ತಿದ್ರಾ? ನಮ್ಮಪ್ಪ, ಅವರಪ್ಪ, ಎಲ್ಲಾ ಮೂರು ವಾರ ನೆನೆಹಾಕ್ತಿದ್ರು. ಯಾರೇ ಹೇಳಿದ್ದು ನಿಂಗೆ ಇದನ್ನ?"

ಅವಳು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದಳು. ಬಹಳ ಹಿಂದೆ ಒಬ್ಬ ಎಂಜಿನಿಯರು ಬರೆದ ಕೈಪಿಡಿ, ಪುಟ ನೂರ ಹದಿನೆಂಟು.

"ನೀನು ಆ ಪುಸ್ತಕ ನೋಡಿದೀಯಾ?"

"ನಮ್ಮ ಮೇಡಂ ನೋಡಿದಾರೆ."

"ನಾನು ಕೇಳಿದ್ದು ನಿನ್ನನ್ನ."

ಅವಳು ನೋಡಿರಲಿಲ್ಲ. ಮೇಡಂ ಎಂದರೆ ಅವಳ ಮಾರ್ಗದರ್ಶಕಿ. ಹದಿನಾರು ವರ್ಷದ ಹಿಂದೆ ಅವರು ಬರೆದ ಲೇಖನದಿಂದ ಆ ಮಾತನ್ನು ಪುಟಸಂಖ್ಯೆಯ ಸಮೇತ ಎತ್ತಿಕೊಂಡಿದ್ದಳು. ಯಾರು ಏನೇ ಬರೆದು ತಂದರೂ 'ಮೂಲ ನೋಡಿದೆಯಾ?' ಎಂದು ಮೊದಲು ಕೇಳುವವರು ಅವರು. ಅಂಥವರು ನೋಡದೆ ಬರೆದಾರೆ ಎಂಬ ಯೋಚನೆ ಅವಳ ತಲೆಯೊಳಗೆ ಸುಳಿದಿದ್ದೇ ಇಲ್ಲ. ಆ ಒಂದು ಸಾಲಿನ ಮೇಲೆ ಇಪ್ಪತ್ತೆರಡು ಪುಟದ ಅಧ್ಯಾಯ ನಿಂತಿತ್ತು. ಮೂರು ತಿಂಗಳು ತಾಳಿಕೊಂಡಿದ್ದರಿಂದ ಹಳೆಯ ಗೋಡೆಗಳು ಉಳಿದವು, ಅವಸರ ಬಂದ ಮೇಲೆ ಉದುರತೊಡಗಿದವು ಎಂಬುದೇ ಅದರ ವಾದ.

ಮರುದಿನ ಬೆಳಿಗ್ಗೆಯೇ ಅವಳು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದಳು. ಆ ಕೈಪಿಡಿಯ ಪ್ರತಿ ಇರುವುದು ಇಲ್ಲೊಂದೇ ಕಡೆ ಎಂದು ಎಲ್ಲ ಪಟ್ಟಿಗಳೂ ಹೇಳುತ್ತಿದ್ದವು. ನಿವೃತ್ತಿಗೆ ಎರಡು ತಿಂಗಳು ಉಳಿದಿದ್ದ ಗ್ರಂಥಪಾಲಕರು ಅವಳನ್ನು ನೆಲಮಾಳಿಗೆಗೆ ಕರೆದೊಯ್ದು, ತಾವೇ ಏಣಿ ಹತ್ತಿ, ಮೇಲಿನ ಕಪಾಟಿನಿಂದ ದಪ್ಪನೆಯ ಪುಸ್ತಕವೊಂದನ್ನು ಇಳಿಸಿದರು. ಧೂಳು ಊದಿದ ಮೇಲೆ ರಟ್ಟಿನ ಬಣ್ಣ ಹಸಿರು ಎಂದು ತಿಳಿಯಿತು.

"ಇದರ ಹೆಸರು ಎಲ್ಲರ ಬಾಯಲ್ಲೂ ಕೇಳಿದೀನಮ್ಮ. ಮುಖ ನೋಡ್ತಿರೋದು ಇದೇ ಮೊದಲು," ಎಂದು ಅವರು ಹಾಳೆ ತಿರುವಿದರು. ಮೂವತ್ತೆರಡನೆಯ ಪುಟದ ಮುಂದೆ ಹಾಳೆ ತಿರುಗಲೇ ಇಲ್ಲ. ಅಂಚುಗಳು ಒಂದಕ್ಕೊಂದು ಕೂಡಿಕೊಂಡಿದ್ದವು.

"ಅಂಟಿಕೊಂಡಿದೆಯಾ ಸರ್?"

"ಅಂಟಿಲ್ಲ ತಾಯಿ, ಕತ್ತರಿಸೇ ಇಲ್ಲ. ಆಗೆಲ್ಲ ದೊಡ್ಡ ಹಾಳೇಲಿ ಅಚ್ಚು ಹಾಕಿ, ಮಡಿಸಿ, ಹಾಗೇ ಹೊಲಿದು ಕೊಡ್ತಿದ್ರು. ಓದೋನು ಚಾಕು ತಗೊಂಡು ಬಿಡಿಸ್ಕೋಬೇಕಿತ್ತು."

ನೂರ ಹದಿನೆಂಟನೆಯ ಪುಟ ಒಡೆಯದ ಲಕೋಟೆಯಂತೆ ಮಡಿಕೆಯೊಳಗೆ ಕೂತಿತ್ತು. ಅದನ್ನು ಉಲ್ಲೇಖಿಸಿದ ಲೇಖನಗಳನ್ನು ಅವಳು ಹಿಂದಿನ ರಾತ್ರಿ ಎಣಿಸಿದ್ದಳು, ಲೆಕ್ಕವನ್ನು ಗ್ರಂಥಪಾಲಕರಿಗೂ ಹೇಳಿದಳು. ಮೂವತ್ತೊಂದು. ಆ ಮೂವತ್ತೊಂದು ಜನರಲ್ಲಿ ಒಬ್ಬರೂ ಈ ಪುಟ ಕಂಡಿರಲು ಸಾಧ್ಯವಿರಲಿಲ್ಲ. ಗ್ರಂಥಪಾಲಕರು ಜೇಬಿನಿಂದ ಮೊಂಡು ಚಾಕು ತೆಗೆದು, ಹೊಲಿಗೆ ಬಿಚ್ಚುವ ದರ್ಜಿಯ ತಾಳ್ಮೆಯಿಂದ ಮಡಿಕೆಗಳನ್ನು ಒಂದೊಂದೇ ಬಿಡಿಸಿದರು. ಅವಳು ಬಗ್ಗಿ ಓದಿದಳು.

'ಒಂದು ಮನೆಯ ಕೆಲಸದಲ್ಲಿ ಸುಣ್ಣ ಮೂರು ತಿಂಗಳು ನೆನೆದದ್ದನ್ನು ಕಂಡಿದ್ದೇನೆ. ಮೆಟ್ಟಿಲು ಯಾವ ಕಡೆ ಬರಬೇಕೆಂದು ಯಜಮಾನನಿಗೂ ಅವನ ತಮ್ಮನಿಗೂ ಜಗಳವಾಗಿ ಕೆಲಸ ನಿಂತಿತ್ತು. ವಾಡಿಕೆಯಂತೆ ಮೂರು ವಾರ ಸಾಕು.'

ಗ್ರಂಥಪಾಲಕರು ನಕ್ಕ ನಗುವಿಗೆ ಏಣಿಯನ್ನೇ ಹಿಡಿದುಕೊಳ್ಳಬೇಕಾಯಿತು. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು! ಮೂವತ್ತೊಂದು ಜನ ಕಟ್ಟಿದಾರಲ್ಲಮ್ಮ, ಒಬ್ಬನಾದ್ರೂ ಬಗ್ಗಿ ನೋಡಬಾರದಾ?"

ಅವಳಿಗೆ ನಗು ಬರಲಿಲ್ಲ. "ಕಟ್ಟಿದವರಲ್ಲಿ ಮೊದಲಿಗರು ನಮ್ಮ ಮೇಡಂ," ಎಂದಳು. ಅವಳ ಮುಖ ನೋಡಿ ಗ್ರಂಥಪಾಲಕರು ದನಿ ತಗ್ಗಿಸಿದರು. "ನನ್ನ ಮಾತು ಕೇಳು. ಆ ಸಾಲನ್ನ ಸುಮ್ನೆ ಅಳಿಸಿಬಿಡು, ಯಾರಿಗೂ ಗೊತ್ತಾಗಲ್ಲ. ಮೇಡಂ ಸಹಿ ಇಲ್ದೆ ನಿನ್ನ ಪ್ರಬಂಧ ಕಚೇರಿ ಹೊಸ್ತಿಲು ದಾಟಲ್ಲ. ಕೂತ ಕೊಂಬೇನೇ ಯಾಕಮ್ಮ ಕಡೀತೀಯಾ?"

ಮನೆಗೆ ಬಂದು ಅಳಿಸಿಯೂ ನೋಡಿದಳು. ಸಾಲು ಹೋದಕೂಡಲೆ ಅಧ್ಯಾಯ ಹಲ್ಲಿಲ್ಲದ ಬಾಯಿಯಂತೆ ಒಳಕ್ಕೆ ಕುಸಿಯಿತು. ಸರಿ, ಇನ್ನೇನು ಮಾಡುವುದು, ಎಲ್ಲವನ್ನೂ ಹೊಸದಾಗಿ ಬರೆಯಲು ಕೂತಳು. ಗೋಡೆಗಳನ್ನು ಉಳಿಸಿದ್ದು ನೆನೆಸಿದ ದಿನಗಳಲ್ಲ, ಮತ್ತೆ ಮತ್ತೆ ತೆಳುವಾಗಿ ಹಚ್ಚುವ ಪದ್ಧತಿ. ಅದಕ್ಕೆ ಅವಳೇ ಅಳೆದು ತಂದ ಲೆಕ್ಕಗಳಿದ್ದವು. ಇಷ್ಟು ದಿನ ಅವನ್ನು ನಾಚಿಕೆಯಿಂದ ಅನುಬಂಧದಲ್ಲಿ ಬಚ್ಚಿಟ್ಟಿದ್ದಳು. ಬುಧವಾರ ಸಂಜೆಗೆ ಇಪ್ಪತ್ತೆರಡು ಪುಟ ಹದಿನಾಲ್ಕಾಯಿತು. ಹಳೆಯ ತಪ್ಪನ್ನು ಹೇಳಲೇಬೇಕಾದ ಜಾಗದಲ್ಲಿ ಮಾತ್ರ ಯಾರ ಹೆಸರನ್ನೂ ಹಾಕಲಿಲ್ಲ. 'ಕೆಲವು ವಿದ್ವಾಂಸರು ಮೂರು ತಿಂಗಳೆಂದು ಭಾವಿಸಿದ್ದಾರೆ. ಅದು ಸರಿಯಲ್ಲ' ಎಂದಷ್ಟೇ ಬರೆದು ಮುಗಿಸಿದಳು.

ಗುರುವಾರ ಬೆಳಿಗ್ಗೆ ಅವಳು ಮೇಡಂ ಕೋಣೆಯ ಬಾಗಿಲಲ್ಲಿ ನಿಂತಳು. ಕಿಟಕಿಯ ಕಟ್ಟೆಯವರೆಗೂ ಪುಸ್ತಕ ಪೇರಿಸಿದ್ದ ಕೋಣೆ. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

"ಬಾ. ಅಧ್ಯಾಯ ಬದಲಾಯಿಸಿದೆ ಅಂತ ಫೋನಲ್ಲಿ ಅಂದೆಯಲ್ಲ. ಮೂಲ ನೋಡಿದೆಯಾ?"

"ನೋಡಿದೆ ಮೇಡಂ." ಜೆರಾಕ್ಸ್ ಮಾಡಿಸಿದ್ದ ಆ ಒಂದು ಪುಟವನ್ನು ಮೇಜಿನ ಮೇಲೆ ಅವರತ್ತ ಸರಿಸಿದಳು.

ಮೇಡಂ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಹೊರಗೆ ಯಾರೋ ಕುರ್ಚಿ ಎಳೆದ ಸದ್ದು.

"ನಾನು ಇದನ್ನ ನೋಡಿರಲಿಲ್ಲ," ಎಂದರು. "ಅದು ನನ್ನ ಮೊದಲನೇ ಲೇಖನ. ಸಂಪಾದಕರು ಮೂರು ದಿನದಲ್ಲಿ ಕಳಿಸಿ ಅಂದಿದ್ರು. ಹಿರಿಯರೊಬ್ಬರ ಟಿಪ್ಪಣಿ ಪುಸ್ತಕದಲ್ಲಿ ಪುಟಸಂಖ್ಯೆ ಸಮೇತ ಹೀಗಂತ ಬರೆದಿತ್ತು, ಎತ್ತಿ ಹಾಕಿದೆ. ಆಮೇಲೆ ಹೋಗಿ ನೋಡೋಣ ಅಂದ್ಕೊಂಡೆ." ಪುಟವನ್ನು ಮೇಜಿನ ಮೇಲೆ ಇಟ್ಟರು. "ನಿಮಗೆಲ್ಲ ಮೂಲ ಮೂಲ ಅಂತ ನಾನು ಯಾಕೆ ಅಷ್ಟು ಬಡ್ಕೋತೀನಿ ಅಂತ ನಿಂಗೆ ಅನ್ನಿಸಿರಬೇಕು."

ಅವಳು ತಲೆ ತಗ್ಗಿಸಿದಳು. ಮೇಡಂ ಹೊಸ ಅಧ್ಯಾಯವನ್ನು ಎಳೆದುಕೊಂಡು ಪೆನ್ಸಿಲ್ ಹಿಡಿದು ಓದತೊಡಗಿದರು. ಹದಿನಾಲ್ಕು ಪುಟ ಮುಗಿಯುವವರೆಗೂ ಅವಳು ನಿಂತೇ ಇದ್ದಳು, ಕೂರಲು ಹೇಳಿದ್ದೂ ಕೇಳಿಸಲಿಲ್ಲ.

"ಮೂರು ವಾರ ಅನ್ನೋದಕ್ಕೆ ಇನ್ನೊಂದು ಆಧಾರ ಬೇಕಲ್ಲ?"

"ನಮ್ಮಪ್ಪ ಹೇಳಿದ್ರು ಮೇಡಂ. ಗಾರೆ ಕೆಲಸ."

"ಯಾವತ್ತು ಹೇಳಿದ್ರು?"

"ಸೋಮವಾರ. ಊಟ ಆದ್ಮೇಲೆ."

"ಸಂದರ್ಶನ ಅಂತ ಸೇರಿಸು, ದಿನಾಂಕ ಹಾಕು. ಊಟ ಬೇಡ." ಪೆನ್ಸಿಲ್ ಮುಂದೆ ಸರಿದು ಒಂದು ಸಾಲಿನ ಕೆಳಗೆ ನಿಂತಿತು. "ಈ 'ಕೆಲವು ವಿದ್ವಾಂಸರು' ಯಾರು?"

ಅವಳು ಪೆನ್ಸಿಲಿನ ತುದಿಯನ್ನೇ ನೋಡಿದಳು.

"ಹೇಳು, ನಾನೂ ಅವರನ್ನ ಒಂದು ಸಲ ಭೇಟಿ ಮಾಡ್ಬೇಕು."

"ನೀವು, ಮೇಡಂ."

ಮಾತು ಹೊರಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಮೇಡಂ ಮಾತ್ರ ತಲೆಯಾಡಿಸಿದರು. "ಹಾಗಿದ್ರೆ ಹಾಗಂತಲೇ ಬರಿ. ಕೆಲವರ ತಪ್ಪಿಗೆಲ್ಲ ನಾನು ಸಹಿ ಹಾಕಲ್ಲ. ಅಲ್ಲಿ ಕೂತ್ಕೋ, ಈಗಲೇ ಬರಿ."

ಮೂಲೆಯ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಅವಳು ಬರೆದಳು. ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಹೀಗೆ ಬಂತು: 'ಈ ಮಾತು ನನ್ನ ಮಾರ್ಗದರ್ಶಕಿಯವರ ಲೇಖನದಿಂದ ಹರಡಿದೆ. ಅವರು ಮೂಲವನ್ನು ನೋಡಿರಲಿಲ್ಲ. ನಾನೂ ನೋಡದೆ ಎತ್ತಿಕೊಂಡಿದ್ದೆ, ಈಗ ನೋಡಿದ್ದೇನೆ.' ಅದರ ಕೆಳಗೆ ಮೇಡಂ ಹೆಸರು, ವರ್ಷ, ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ. ಅಲ್ಲಿಗೆ ಪೆನ್ನು ಮುಚ್ಚಿದಳು.

ಮೇಡಂ ಹಾಳೆ ತೆಗೆದುಕೊಂಡು ಓದಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

"ಪುಟದ ಸಂಖ್ಯೆ ಬಿಟ್ಟಿದೀಯಲ್ಲ."

ಬೇಕೆಂದೇ ಬಿಟ್ಟಿದ್ದಳು. ಇಷ್ಟು ಬರೆದ ಮೇಲೆ, ಹುಡುಕುವವರಿಗೆ ಬೆರಳಿಟ್ಟು ತೋರಿಸುವುದೊಂದು ಬೇಡವೆನಿಸಿತ್ತು. ಅವಳ ಕಿವಿ ಕೆಂಪಾಯಿತು.

"ಓದೋರು ಎಲ್ಲಿ ಅಂತ ತಡಕಾಡ್ತಾರೆ?" ಎನ್ನುತ್ತ ಮೇಡಂ, ಕಪಾಟಿನತ್ತ ತಿರುಗಿಯೂ ನೋಡದೆ, ಸಂಪುಟದ ಮುಂದೆ 'ಪು. ೯' ಎಂದು ತಮ್ಮ ಕೈಯಲ್ಲೇ ಬರೆದರು. ಆಮೇಲೆ ಪ್ರಬಂಧದ ಜೊತೆ ಕಚೇರಿಗೆ ಕೊಡಬೇಕಾದ ಪ್ರಮಾಣಪತ್ರದ ಹಾಳೆ ಎಳೆದುಕೊಂಡು ಸಹಿ ಹಾಕಿ, ಶಾಯಿ ಆರಲೆಂದು ಅದನ್ನು ಮಡಿಸದೆಯೇ ಅವಳ ಕೈಗೆ ಕೊಟ್ಟರು.