ಹ್ಯಾಂಡಲ್ ನಡುಕ ಪತ್ತೆಹಚ್ಚಿದ ವಕೀಲರು

ಯಾವ ಗಾಡಿ ಬಂದರೂ ಅದನ್ನು ಮುಟ್ಟುವ ಮೊದಲು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಎಡಗಾಲನ್ನು ತುಸು ಎಳೆಯುತ್ತ ಅದರ ಸುತ್ತ ಮೂರು ಸುತ್ತು ಬರುತ್ತಿದ್ದ ಆ ಮನುಷ್ಯರನ್ನು ಮೊದಲ ಸಲ ಕಂಡವರಿಗೆ, ಇವರು ರಿಪೇರಿ ಮಾಡುವವರೋ ಚೌಕಾಸಿಗೆ ಬಂದ ಗಿರಾಕಿಯೋ ಎಂಬ ಅನುಮಾನ ಬರುವುದು ಸಹಜ. ಬಿರುಬಿಸಿಲಿನಲ್ಲೂ ಮೈಮೇಲಿಂದ ಇಳಿಯದ ಅವರ ಕೋಟಿನ ಮೂಲವರ್ಣವನ್ನು ಗ್ರೀಸು ಎಂದೋ ನುಂಗಿ ನೀರು ಕುಡಿದಿತ್ತು. ಆ ಕರಿಕೋಟು ಮತ್ತು ಗಾಡಿಯ ಒಡೆಯರಿಗೆ ಅವರು ಹಾಕುತ್ತಿದ್ದ ಪಾಟೀಸವಾಲು ಎರಡರಿಂದಾಗಿ, ಬೀದಿಯವರೆಲ್ಲ ಆ ಮೆಕ್ಯಾನಿಕ್ಕನ್ನು ವಕೀಲರು ಎಂದೇ ಕರೆಯುತ್ತಿದ್ದರು. ಒಮ್ಮೆ ಬ್ರೇಕು ಸರಿಯಿಲ್ಲವೆಂದು ಬಂದವನೊಬ್ಬ ಇವರ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋಗಿ, ಬಾವಮೈದುನ ಗಾಡಿಯನ್ನು ಗೋಡೆಗೆ ಗುದ್ದಿಸಿದ್ದನ್ನೂ ಅದನ್ನು ತಾನು ಹೆಂಡತಿಯಿಂದ ಮುಚ್ಚಿಟ್ಟದ್ದನ್ನೂ ತಾನಾಗಿಯೇ ಒಪ್ಪಿಕೊಂಡಿದ್ದನಂತೆ.

ನನ್ನ ಅಕ್ಕ ನನ್ನನ್ನೂ ಕರೆದುಕೊಂಡು ಅವರ ಬಳಿಗೆ ಹೋದದ್ದು ಎಲ್ಲರ ಬಾಗಿಲು ತಟ್ಟಿಯಾದ ಮೇಲೆ. ಅವಳು ಆಸ್ಪತ್ರೆಯ ನರ್ಸು. ಹಸುಗೂಸುಗಳ ನೂಲೆಳೆಯಂಥ ರಕ್ತನಾಳ ಹುಡುಕಿ ಸೂಜಿ ಇಳಿಸುವುದರಲ್ಲಿ ಎತ್ತಿದ ಕೈ. ನಾಲ್ಕು ತಿಂಗಳಿಂದ ಅವಳ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ನಡುಗುತ್ತಿತ್ತು. ಎರಡು ಗ್ಯಾರೇಜಿನವರು ಟೈರು ಬದಲಿಸಿ, ಮುಂಚಕ್ರ ತಿರುಗಿಸಿ ನೋಡಿ, ಗಾಡಿಯಲ್ಲಿ ದೋಷವಿಲ್ಲ, ನಿಮ್ಮ ಕೈಯೇ ನಡುಗುತ್ತಿರಬೇಕು ಎಂದು ಹೇಳಿ ಕಳಿಸಿದ್ದರು. ಆ ಮಾತಿಗೆ ನಾನೂ ನಕ್ಕಿದ್ದೆ. ಅಕ್ಕ ನಗಲಿಲ್ಲ. ನಮ್ಮಮ್ಮ ಕಡೆಗಾಲದಲ್ಲಿ ನೀರಿನ ಲೋಟವನ್ನು ತುಟಿಗೆ ತರಲಾಗದಷ್ಟು ನಡುಗುತ್ತಿದ್ದದ್ದು ಆಗ ನನಗೆ ನೆನಪಾಗಲೇ ಇಲ್ಲ. ಬುದ್ಧಿಗೆ ಮಂಕು ಕವಿದಿತ್ತೆನ್ನದೆ ಬೇರೇನು ಹೇಳಲಿ?

ಮೂರು ಸುತ್ತು ಮುಗಿಸಿದ ವಕೀಲರು ವಿಚಾರಣೆಗೆ ತೊಡಗಿದರು. ನಡುಕ ಎಷ್ಟು ವೇಗದಲ್ಲಿ, ವೇಗ ಏರುವಾಗಲೋ ಇಳಿಯುವಾಗಲೋ, ಒಬ್ಬರೇ ಇದ್ದಾಗಲೋ ಹಿಂದೆ ಜನ ಕೂತಾಗಲೋ, ನಾಲ್ಕು ತಿಂಗಳ ಹಿಂದೆ ಗಾಡಿಗೆ ಹೊಸದಾಗಿ ಏನು ಹಾಕಿಸಿದಿರಿ? ಔಷಧಿ ಸಾಮಾನಿಗೆಂದು ಹಿಂಬದಿಗೆ ಕಬ್ಬಿಣದ ಪೆಟ್ಟಿಗೆ ಹಾಕಿಸಿದ್ದಾಗಿ ಅಕ್ಕ ಹೇಳಿದಳು. ಅವರು ತಲೆದೂಗಿದರು. ಗಾಡಿಯನ್ನು ತಾವು ಓಡಿಸದೆ, ಒಡೆಯರ ಬೆನ್ನ ಹಿಂದೆ ಕುಳಿತೇ ರೋಗ ಪತ್ತೆಹಚ್ಚುವುದು ಅವರ ಹಟ. ಹಾಗೆ ಕಣ್ಣು ಮುಚ್ಚಿ ಕುಳಿತು ಒಂದು ಸುತ್ತು ಹೋಗಿ ಬಂದವರು, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಯಾರೂ ತಿರುಗಿ ನೋಡದಿದ್ದ ಹಿಂಚಕ್ರವನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರು. ಟಕ್ಕೆಂದು ಸದ್ದಾಯಿತು. ಚಕ್ರವನ್ನು ಹಿಡಿದ ಸರಳುಗಳ ಕೀಲಿನೊಳಗಿನ ಬಳೆ, ಅಂದರೆ ಬುಷ್ಷು, ಸವೆದಿತ್ತು, ಪೆಟ್ಟಿಗೆಯ ಭಾರಕ್ಕೆ ಮುಂಚಕ್ರ ಹಗುರಾಗಿತ್ತು. ಹಿಂದಿನ ತಪ್ಪಿಗೆ ಮುಂದಿನ ಹ್ಯಾಂಡಲ್ ನಡುಗುತ್ತಿತ್ತು. ನಾನು ಬೆರಗಾಗಿ ನಿಂತೆ.

ಅಕ್ಕನ ಮುಖ ಮಾತ್ರ ಅರಳಲಿಲ್ಲ. ತನ್ನ ಅಂಗೈಗಳನ್ನೇ ನೋಡುತ್ತ ಮೆಲ್ಲನೆ ಹೇಳಿದಳು: “ಅಮ್ಮನಿಗೂ ಹೀಗೇ ಶುರುವಾಗಿತ್ತು. ಕೂಸುಗಳಿಗೆ ಸೂಜಿ ಚುಚ್ಚೋ ಕೈ ಇದು. ಕೆಲಸ ಬಿಡೋ ಅರ್ಜಿ ಬರೆದು ಚೀಲದಲ್ಲಿ ಇಟ್ಕೊಂಡಿದ್ದೀನಿ.”

ವಕೀಲರು ಸ್ಪ್ಯಾನರ್ ಎತ್ತಿಕೊಂಡು ಹ್ಯಾಂಡಲ್ಲಿನ ಕತ್ತನ್ನು ಬಿಚ್ಚತೊಡಗಿದರು. ಅದು ತಿರುಗುವ ಬಟ್ಟಲಿನಿಂದ ಮೆಣಸಿನ ಕಾಳಿನಷ್ಟು ಸಣ್ಣ ಉಕ್ಕಿನ ಗುಂಡುಗಳನ್ನು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಕ್ಕನ ಮುಂದೆ ಒಂದು ಚಿಮಟವಿಟ್ಟರು. ನನಗೆ ಕಣ್ಣು ಮಂಜು, ನೀವೇ ಒಂದೊಂದಾಗಿ ಕೂರಿಸಿಕೊಡಿ ಎಂದರು. ಅವಳು ಉಸಿರು ಬಿಗಿಹಿಡಿದು ಜಾರುವ ಗುಂಡುಗಳನ್ನು ಹೆಕ್ಕಿ ಹೆಕ್ಕಿ ಗ್ರೀಸಿನ ಮೇಲಿಟ್ಟಳು. ಇಪ್ಪತ್ತೊಂದು ಗುಂಡು, ಒಂದೂ ನೆಲಕ್ಕೆ ಬೀಳಲಿಲ್ಲ.

“ನಾನು ಡಾಕ್ಟರಲ್ಲ ತಾಯಿ,” ಎಂದರು ವಕೀಲರು. “ಆದ್ರೆ ಮೂವತ್ತು ವರ್ಷದಿಂದ ಈ ಗುಂಡು ಕೂರಿಸ್ತಿದ್ದೀನಿ. ನಡುಗೋ ಕೈಗೆ ಇವು ಸಿಗಲ್ಲ.”

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಳಿತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬುಷ್ಷು ಬದಲಾಯಿಸಿ, ಪೆಟ್ಟಿಗೆಯನ್ನು ಸೀಟಿಗೆ ಒತ್ತಿಕೊಂಡಂತೆ ಕೂರಿಸುವ ಹೊತ್ತಿಗೆ ಸಂಜೆಯಾಗಿತ್ತು. ಹ್ಯಾಂಡಲ್ಲಿನ ಕತ್ತು ಸರಿಯಾಗಿಯೇ ಇತ್ತಲ್ಲ, ಮತ್ತೇಕೆ ಬಿಚ್ಚಿದಿರೆಂದು ನಾನು ಗುಟ್ಟಾಗಿ ಕೇಳಿದೆ. ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿ, “ಬಾಯಲ್ಲಿ ಹೇಳಿದ್ರೆ ನಂಬ್ತಿದ್ರಾ ಅವರು?” ಎಂದರು. ಮರುದಿನ ಅಕ್ಕ ಎಂದಿನ ಹೊತ್ತಿಗೇ ಕೆಲಸಕ್ಕೆ ಹೊರಟಳು.

ಕೆಟ್ಟದ್ದನ್ನು ಸರಿಪಡಿಸುವವರು ಊರಿಗೆ ಹತ್ತು ಮಂದಿ ಸಿಕ್ಕಾರು. ಕೆಡದೆ ಉಳಿದಿರುವುದನ್ನು ಅದರ ಒಡೆಯರ ಕೈಗೇ ಕೊಟ್ಟು ನಂಬಿಸುವವರು ವಿರಳ. ಅಂಥವರು ಎದುರಿಗೆ ನಿಂತವರ ಅಳಲನ್ನು ಕಿವಿಗೊಟ್ಟು ಕೇಳುತ್ತಾರೆ, ಯಾವ ಭಯವನ್ನೂ ನಕ್ಕು ತಳ್ಳಿಹಾಕುವುದಿಲ್ಲ; ಒಡಹುಟ್ಟಿದವರು ಮಾಡಬೇಕಾದ, ನಾನು ಮಾಡದೆ ಹೋದ ಕೆಲಸವನ್ನು, ಯಾವ ನಂಟೂ ಇಲ್ಲದ ಅವರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತಾರೆ.