ಬಿಲ್ಲೆಯ ಮುಂದೆ ಹಸಿರು ದುಂಬಿ

ಅರ್ಕಾದಿ ಫೋಮಿಚ್ ಬೆಳಿಗ್ಗೆಯೇ ತಂತಿ ಬರೆದಿಟ್ಟಿದ್ದರು. ಸೂರ್ಯನ ಮೇಲೆ ಮೂಡಿದ ಜೋಡಿ ಕಲೆಯ ಕಾಂತೀಯ ಉತ್ತರ ದಕ್ಷಿಣಗಳು ಅದಲುಬದಲಾಗಿವೆ, ಹನ್ನೊಂದು ವರ್ಷದ ಹೊಸ ಸುತ್ತು ಶುರುವಾಗಿದೆ ಎಂದು. ಮಧ್ಯಾಹ್ನ ಅಂಚೆಯ ಜೀಪು ಬಂದರೆ ಸುದ್ದಿ ಕ್ರಿಮಿಯಾದ ಬೆಟ್ಟ ಇಳಿದು ಬೇರೆಲ್ಲ ವೀಕ್ಷಣಾಲಯಗಳಿಗೂ ಹೋಗುತ್ತದೆ. ಶುಕ್ರವಾರ ಅವರ ನಿವೃತ್ತಿ. ಹಿಂದಿನ ಮೂರು ಸುತ್ತುಗಳ ಮೊದಲ ಕಲೆಯನ್ನು ಬೇರೆಯವರು ಕಂಡಿದ್ದರು.

"ಈ ಸಲ ಮಾಸ್ಕೋದವರು ಬಾಯಿ ಮುಚ್ಕೊಂಡು ಓದ್ಲಿ, ತಾಸ್ಯಾ," ಎಂದರು.

ಅವರು ಸೂರ್ಯನನ್ನು ಅಳೆದು ಹೇಳುವ ಅಂಕಿಗಳನ್ನು ತಾಸ್ಯಾ ನಾಲ್ಕು ವರ್ಷದಿಂದ ಬರೆದುಕೊಳ್ಳುತ್ತಿದ್ದಳು. ಕಲೆಯ ಕಾಂತಬಲ ಬೆಳಕನ್ನು ಎಡಕ್ಕೆ ತಿರುಚಿದೆಯೋ ಬಲಕ್ಕೋ ಎಂದು ಹೇಳುವುದು ಒಂದು ಗಾಜಿನ ಬಿಲ್ಲೆ. ನಿನ್ನೆ ಅದನ್ನು ಚೌಕಟ್ಟಿನಿಂದ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಕೂರಿಸಿದವರು ಅವರೇ. ಸೂರ್ಯನ ಕಡೆಯ ಮುಖ ಯಾವುದೆಂದು ಅಂಚಿನಲ್ಲಿದ್ದ ಪೆನ್ಸಿಲ್ ಗುರುತೂ ಅಳಿಸಿಹೋಗಿತ್ತು. ಮುಖ ಮಗುಚಿದ್ದರೆ ಎಡವೆಲ್ಲ ಬಲವಾಗುತ್ತದೆ, ಉತ್ತರವೆಲ್ಲ ದಕ್ಷಿಣವಾಗುತ್ತದೆ. ಹೋಲಿಸಿ ನೋಡಲು ಸೂರ್ಯನ ಮೇಲೆ ಬೇರೆ ಕಲೆ ಇರಲಿಲ್ಲ. ಬಿಲ್ಲೆ ಮಗುಚಿರಬಹುದೇ ಎಂದು ಅವಳು ಮೆಲ್ಲಗೆ ಕೇಳಿದಳು.

"ಹೆಂಡ್ತಿ ಮುಖ ಮರೆತೇನು, ಈ ಗಾಜಿನ ಮುಖ ಮರೀತೀನೇನಮ್ಮಾ?" ಎಂದು ನಕ್ಕು, ಅವರು ಗಂಜಿ ಕುಡಿಯಲು ಹೋದರು.

ತಾಸ್ಯಾ ಗುಲಾಬಿ ಪೊದೆಯಿಂದ ಒಂದು ಹಸಿರು ದುಂಬಿ ಹಿಡಿದು ತಂದಳು. ಆ ಜಾತಿಯ ದುಂಬಿಯ ಬೆನ್ನಿಗೆ ತಾಗಿದ ಬೆಳಕು ಯಾವಾಗಲೂ ಎಡಕ್ಕೇ ತಿರುಚಿಕೊಂಡು ಹೊರಡುತ್ತದೆ. ಬಿಲ್ಲೆ ಸರಿಯಿದ್ದರೆ ಅದರ ಮೂಲಕ ದುಂಬಿ ಹಸಿರಾಗಿಯೇ ಕಾಣಬೇಕು. ಚೌಕಟ್ಟನ್ನು ಹೊರಗೆಳೆದು ಬಿಲ್ಲೆಯ ಮೂಲಕ ನೋಡಿದಳು. ದುಂಬಿ ಇದ್ದಿಲಿನಷ್ಟು ಕಪ್ಪಾಗಿತ್ತು.

ಸುಮ್ಮನಿದ್ದರೆ ಅವರು ಸಂತೋಷದಿಂದ ಹೋಗುತ್ತಾರೆ. ಆಮೇಲೆ ಬೇರೆಯವರು ಅಳೆದು ನಗುತ್ತಾರೆ, ಅವರ ಬೆನ್ನ ಹಿಂದೆ.

ಅವರು ಮರಳಿ ಬಂದಾಗ ಅವಳು ಚೌಕಟ್ಟನ್ನು ಅವರ ಕೈಗೆ ಕೊಟ್ಟು, ಮೇಜಿನ ಮೇಲಿದ್ದ ದುಂಬಿ ತೋರಿಸಿದಳು. ಅವರು ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಕಿತ್ತು. ನಾನು ಒಪ್ಕೊಳ್ಳದೇ ಇದ್ದಿದ್ರೆ?"

ಅವರು ದಿನಚರಿ ಎಳೆದುಕೊಂಡು, ಬಿಲ್ಲೆ ಮಗುಚಿತ್ತು, ಕಲೆ ಹಳೆಯ ಸುತ್ತಿನದೇ, ತಪ್ಪು ನನ್ನದು ಎಂದು ಬರೆದು ಪೂರ್ತಿ ಹೆಸರು ಹಾಕಿದರು. ತಂತಿಯ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಬಿಲ್ಲೆಯನ್ನು ಸರಿಯಾಗಿ ಕೂರಿಸಿ, ತಮ್ಮ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದರು.

"ಮೋಡ ಬರೋದ್ರೊಳಗೆ ಅಳೆ. ನೀ ಹೇಳು, ನಾ ಬರ್ಕೋತೀನಿ."

ನಾಲ್ಕು ವರ್ಷ ಬರೆದುಕೊಂಡವಳು ಅವಳು. ಅವರು ಪೆನ್ಸಿಲ್ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತರು. ಅವಳು ದೂರದರ್ಶಕಕ್ಕೆ ಕಣ್ಣು ಇಟ್ಟು, ಮೊದಲ ಅಂಕಿ ಹೇಳಿದಳು.