ಬಲೆಗೆ ಬಾರದ ಗಂಡುಗಳು

ಹತ್ತಿಹೊಲದ ಬಲೆಯಲ್ಲಿ ಒಂದು ಸೊಳ್ಳೆ, ಅಷ್ಟೇ, ಐದನೇ ಬೆಳಗೂ ಪತಂಗವಿಲ್ಲ, ಹೆಣ್ಣು ಪತಂಗದ ವಾಸನೆ ತುಂಬಿದ ರಬ್ಬರು ಗುಂಡಿ ಸುಮ್ಮನೆ ನೇತಾಡುತ್ತಿದೆ, ಒಂದು ಗಂಡೂ ಬಂದಿಲ್ಲ, ಒಳ್ಳೆಯದೇ, ಪತಂಗವಿಲ್ಲದಿದ್ದರೆ ಮೊಟ್ಟೆಯಿಲ್ಲ, ಎರಡನೇ ಬೆಳಗಿಗೇ ಹಾಗೆಂದು ಬರೆದುಕೊಟ್ಟೆ, ಕೃಷಿ ಇಂಜಿನಿಯರ್ ಎಂದು ಸಹಿ ಹಾಕಿ ಸಹಕಾರ ಸಂಘದ ಸೀಲನ್ನೂ ಒತ್ತಿದೆ — ಹೊಲದ ಒಡೆಯ ಶಹಾತ ಹಾಜಿ ಕಾಗದವನ್ನು ನಿಲುವಂಗಿಯ ಜೇಬಿಗಿಟ್ಟು ಅಂದೇ ಎಲೆಯಡಿಯ ಪತಂಗದ ಮೊಟ್ಟೆ ಆರಿಸುವ ಹೆಂಗಸರನ್ನು ಮನೆಗೆ ಕಳಿಸಿದರು, ಅವರ ಮುಂದಾಳು ನದೀರಾ ಸೊಂಟಕ್ಕೆ ಕೈಯಿಟ್ಟು ನಿಂತಳು, ಅಲ್ಲ ಇಂಜಿನಿಯರ್ರೇ, ಹೆಣ್ಣು ನೋಡೋಕೆ ಯಾರೂ ಬರ್ಲಿಲ್ಲ ಅಂದ್ರೆ ಮನೇಲಿ ಹೆಣ್ಣೇ ಇಲ್ಲ ಅಂತಾನಾ, ಎಲ್ಲರೂ ನಕ್ಕರು, ನಾನೂ ನಕ್ಕೆ, ಚಿಕ್ಕಮ್ಮ, ಇದು ವಿಜ್ಞಾನ, ಹೌದಪ್ಪ ಹೌದು, ನಲವತ್ತು ವರ್ಷದಿಂದ ಎಲೆ ಮಗುಚ್ತಿದೀನಿ, ನಂಗೇನ್ ಗೊತ್ತು, ಹುಳ ತಿಂದ ಗಿಡದಲ್ಲಿ ಮಾತ್ರ ನಾನೆಂದೂ ಮೊಟ್ಟೆ ಕಂಡಿಲ್ಲ — ಹುಳ ತಿಂದ ಗಿಡದಲ್ಲಿ, ಈ ಮೂಲೆಯ ಹತ್ತಿಯೆಲ್ಲ ಜರಡಿ, ಒಂದೆಲೆ ಹಿಸುಕಿ ಮೂಸುತ್ತೇನೆ, ಈ ವಾಸನೆಯನ್ನು ನಾನು ಓದಿದ್ದೇನೆ, ಕಾಲೇಜಿನ ಮೂರನೇ ವರ್ಷ, ಹದಿನೈದು ಅಂಕದ ಪ್ರಶ್ನೆ, ಹುಳು ಕಚ್ಚಿದ ಹತ್ತಿಗಿಡ ಬೇರೆಯೇ ವಾಸನೆ ಬಿಡುತ್ತದೆ, ತಾಯಿ ಪತಂಗ ಅದನ್ನು ಮೂಸಿ ಮೊಟ್ಟೆಯಿಡದೆ ಮುಂದೆ ಹೋಗುತ್ತದೆ, ಗಂಡೂ ಅಷ್ಟೇ, ಹೆಣ್ಣಿನ ವಾಸನೆಗೆ ಇದು ಬೆರೆತರೆ ಅದಕ್ಕೆ ಹೆಣ್ಣೇ ಬೇಡ, ಹದಿನಾಲ್ಕು ಕೊಟ್ಟಿದ್ದರು, ಆ ಒಂದು ಅಂಕಕ್ಕೆ ಮೇಷ್ಟ್ರ ಹತ್ತಿರ ವಾದ ಮಾಡಿದ್ದೆ, ಬಲೆ ಕಟ್ಟಿದ್ದು ಮಾತ್ರ ತಿಂದ ಗಿಡಗಳ ನಡುವೆ, ಹಾನಿ ಇರುವಲ್ಲೇ ವೈರಿ ಇರುತ್ತಾನೆಂದು, ರಸ್ತೆಗೆ ಹತ್ತಿರ, ಬೂಟು ಕೆಸರಾಗುವುದಿಲ್ಲವೆಂದೂ, ಒಪ್ಪಿಕೋ, ಅದಕ್ಕೂ.

ನಡುಹೊಲಕ್ಕೆ ಹೋಗುತ್ತಿದ್ದೇನೆ, ನೀರು ಬಿಟ್ಟಿದ್ದಾರೆ, ಕಾಲು ಹೂತುಕೊಳ್ಳುತ್ತದೆ, ಇಲ್ಲಿ ಎಲೆಗಳು ಅಂಗೈಯಗಲ, ಒಂದು ತೂತಿಲ್ಲ, ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ, ಹೆಂಗಸರು ಹೋಗಿ ಮೂರು ದಿನ, ಒಡೆಯುವ ಮೊದಲು ಎಲೆ ಕಿತ್ತು ಸುಟ್ಟರೆ ಹೊಲ ಉಳಿಯಿತು, ಹುಳು ಚದುರಿದ ಮೇಲೆ ಕೈಗೆ ಸಿಗುವುದಿಲ್ಲ, ಒಂದೆಲೆ ಮಗುಚಿದೆ, ಇಲ್ಲ, ಇನ್ನೊಂದು, ಇದೆ, ಕಂದು ಉಣ್ಣೆಯ ತುಣುಕಿನಂತೆ, ತಾಯಿ ಪತಂಗ ಮೊಟ್ಟೆಗಳಿಗೆ ತನ್ನ ಹೊಟ್ಟೆಯ ಕೂದಲನ್ನೇ ಹೊದಿಸಿ ಹೋಗಿದೆ, ಪಕ್ಕದ ಗಿಡದಲ್ಲೂ ಉಣ್ಣೆ, ಅದರಾಚೆ ಎರಡು — ಕಾಲುವೆ ಏರಿಯ ಮೇಲೆ ಹಾಜಿ ಕತ್ತೆ ನಿಲ್ಲಿಸಿದರು, ಏನ್ ಇಂಜಿನಿಯರ್ರೇ, ಬಲೆ ಖಾಲಿನಾ, ಖಾಲಿ ಹಾಜಿ, ಅಲ್ಹಮ್ದುಲಿಲ್ಲಾ, ನಿಮ್ ಕಾಗದ ತೋರಿಸ್ದೆ ನೋಡಿ, ನನ್ ತಮ್ಮನೂ ಹೆಂಗಸರನ್ನ ಕಳಿಸ್ಬಿಟ್ಟ, ಆಚೆ ಹೊಲದ ಫತೂಹನೂ, ಬನ್ನಿ ಚಾ ಕುಡಿಯೋಣ, ಮೂರು ಹೊಲ, ಈಗ ಹೇಳಬೇಕು, ತಪ್ಪು ನನ್ನದು, ನದೀರಾಳನ್ನು ಈಗಲೇ ಕರೆಸಿ, ಹೇಳಿದರೆ ಕಾಗದ ಸಂಘಕ್ಕೆ ಹೋಗುತ್ತದೆ, ಕೆಲಸ ಖಾಯಂ ಆಗಲು ಇನ್ನೆರಡೇ ತಿಂಗಳು, ಹೇಳದಿದ್ದರೆ ಗಾಳಿ, ಸೆಖೆ, ಪಕ್ಕದ ಊರು, ಯಾವುದರ ಮೇಲೂ ಹಾಕಬಹುದು, ಬಲೆ ಖಾಲಿ ಇದ್ದದ್ದಂತೂ ನಿಜ — ಹಾಜಿ, ಚಾ ಬೇಡ, ಇಳಿದು ಬನ್ನಿ, ಯಾಕ್ರೀ, ಬನ್ನಿ ಅಂದೆನಲ್ಲ, ಕೆಸರಿನಲ್ಲಿ ಅವರ ಹೆಜ್ಜೆ, ಎಲೆಯನ್ನು ಮಗುಚಿ ಹಿಡಿದುಕೊಂಡೇ ಇದ್ದೇನೆ, ಮೊದಲ ಮಾತು ಯಾವುದು, ಕಂದು ಉಣ್ಣೆಯ ಅಂಚು ಅಲುಗಿತು, ಗಾಳಿಯಿಲ್ಲ, ಅಲುಗಿತು, ಉಣ್ಣೆಯ ಕೆಳಗಿಂದ ಸೂಜಿಮೊನೆಯಷ್ಟು ಕಪ್ಪು ತಲೆ, ಕಪ್ಪು ತಲೆ, ಇನ್ನೊಂದು